ಬಣ್ಣಕ್ಕೆ ಮೊದಲು ಗೋಡೆಗೆ ಏನು ಮಾಡಿಸಬೇಕು: ತೇಪೆಯೋ, ಪುಟ್ಟಿಯೋ, ಹೊಸ ಸಾರಣೆಯೋ?

ಮಳೆ ನಿಂತು ದೀಪಾವಳಿ ಹತ್ತಿರ ಬಂತೆಂದರೆ ಮಂಗಳೂರು, ಉಡುಪಿಯ ಎಷ್ಟೋ ಮನೆಗಳಲ್ಲಿ ಒಂದೇ ಮಾತು: ಈ ಸಲ ಪೈಂಟ್ ಮಾಡಿಸಲೇಬೇಕು. ಮಗಳ ಮದುವೆ ಇರುತ್ತದೆ, ಮುಂಬಯಿಯಿಂದ ಮಗ ಸೊಸೆ ಬರುವವರಿರುತ್ತಾರೆ, ಇಲ್ಲವೇ ಚಾವಡಿಯ ಗೋಡೆಯ ಬೂಸ್ಟು ನೋಡಿ ನೋಡಿ ಸಾಕಾಗಿರುತ್ತದೆ. ಯಾವ ಬಣ್ಣ ಎಂಬುದನ್ನು ಶೇಡ್ ಕಾರ್ಡ್ ಮುಂದಿಟ್ಟುಕೊಂಡು ಒಂದು ಸಂಜೆಯಲ್ಲಿ ತೀರ್ಮಾನಿಸಬಹುದು. ಜನ ಸಿಕ್ಕಿಬೀಳುವುದು ಅದಕ್ಕಿಂತ ಹಿಂದಿನ ಪ್ರಶ್ನೆಯಲ್ಲಿ. ಒಬ್ಬ ಪೈಂಟರ್ ಇಡೀ ಮನೆಗೆ ಪುಟ್ಟಿ (ಗೋಡೆ ನುಣುಪಾಗಿಸಲು ಎಳೆಯುವ ತೆಳು ಲೇಪ) ಬೇಕೆನ್ನುತ್ತಾರೆ, ಇನ್ನೊಬ್ಬರು ಅಲ್ಲಲ್ಲಿ ತೇಪೆ ಹಾಕಿದರೆ ಸಾಕೆನ್ನುತ್ತಾರೆ, ಮೇಸ್ತ್ರಿ ಬಂದು ಸಾರಣೆಯನ್ನೇ, ಅಂದರೆ ಪ್ಲಾಸ್ಟರನ್ನೇ, ಉದುರಿಸಬೇಕೆನ್ನುತ್ತಾರೆ. ಮೂವರೂ ಹೇಳುವುದು ಸರಿಯಿರಬಹುದು, ಆದರೆ ಬೇರೆ ಬೇರೆ ಗೋಡೆಗೆ. ನಿಮ್ಮ ಗೋಡೆ ಯಾವುದೆಂದು ನಿಮಗೆ ಗೊತ್ತಿದ್ದರೆ ಆಯ್ಕೆ ಸುಲಭ.

ನಮ್ಮಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಹಾಗಾಗಿ ಬೆಂಗಳೂರಿನ ಒಣ ಗೋಡೆಗೆ ಒಪ್ಪುವ ಸಲಹೆ ಮಲ್ಪೆ, ಉಳ್ಳಾಲದ ಗೋಡೆಗೆ ಒಪ್ಪುವುದಿಲ್ಲ. ಈ ಬರಹದಲ್ಲಿ ನಾನು ತೂಗುವುದು ಮನೆಯ ಒಳಗೋಡೆಗಳನ್ನು ಮಾತ್ರ.

ಆಯ್ಕೆಗೆ ಮುಂಚೆ ಐದು ಪ್ರಶ್ನೆ

ಗೋಡೆಯಲ್ಲಿ ತೇವ ಇದೆಯೇ, ಇದ್ದರೆ ಎಲ್ಲಿಂದ? ಗೋಡೆ ಯಾವುದರದ್ದು, ಸಾರಣೆ ಯಾವುದರದ್ದು? ಈಗ ಅದರ ಮೇಲೆ ಏನು ಬಳಿದಿದೆ? ಸಾರಣೆ ಕಲ್ಲಿಗೆ ಅಂಟಿಕೊಂಡಿದೆಯೇ, ಬಿಟ್ಟಿದೆಯೇ? ಈ ಕೆಲಸ ಎಷ್ಟು ವರ್ಷ ಬರಬೇಕು, ಕೈಯಲ್ಲಿರುವ ಹಣ ಎಷ್ಟು, ಕೆಲಸ ನಡೆಯುವಾಗ ಮನೆಯಲ್ಲಿ ಯಾರಿರುತ್ತಾರೆ?

ಮೊದಲನೆಯದಕ್ಕೇ ಹೆಚ್ಚು ಸಮಯ ಕೊಡಿ. ಕಲೆ ಎಲ್ಲಿದೆ ಎಂಬುದೇ ಅರ್ಧ ಉತ್ತರ. ಸ್ಲ್ಯಾಬ್ ಮತ್ತು ಗೋಡೆ ಸೇರುವ ಮೂಲೆಯಲ್ಲಿದ್ದರೆ ತಾರಸಿ ನೋಡಿ. ಕಿಟಕಿಯ ಕೆಳಗಿದ್ದರೆ ಕಿಟಕಿ ಚೌಕಟ್ಟಿನ ಸಂದು, ಮೇಲಿದ್ದರೆ ಸನ್‌ಶೇಡ್. ಮಳೆ ಇಲ್ಲದ ಏಪ್ರಿಲಿನಲ್ಲೂ ಒದ್ದೆ ಇದ್ದರೆ ಆಚೆ ಬದಿಯ ಬಚ್ಚಲಿನ ಪೈಪು ಅಥವಾ ಟೈಲ್ಸ್ ಸಂದು. ನೆಲದಿಂದ ಎರಡು ಮೂರು ಅಡಿಯವರೆಗೆ ಉದ್ದಕ್ಕೂ ಪಟ್ಟಿಯ ಹಾಗೆ ಕಂಡರೆ ಪಂಚಾಂಗದಿಂದ (ಮನೆಯ ಅಡಿಪಾಯದಿಂದ) ನೀರು ಮೇಲೆ ಹತ್ತುತ್ತಿದೆ. ಪಡುವಣದ ಗೋಡೆ ಇಡಿಯಾಗಿ ಒದ್ದೆಯೆನಿಸಿದರೆ ಇರಿಚಲು ಹೊರಗಿನಿಂದ ಒಳಕ್ಕೆ ಇಳಿಯುತ್ತಿದೆ. ಕೆಂಪುಕಲ್ಲು ತೂತುತೂತಾದ ಕಲ್ಲು. ಹೊರಮೈಗೆ ಸಾರಣೆ ಇಲ್ಲದೆ ಬರೀ ಸಂದು ತುಂಬಿಸಿದ ಗೋಡೆಗಳಲ್ಲಿ ಇದು ಸಾಮಾನ್ಯ.

ಸಂಶಯವಿದ್ದರೆ ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದೆರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆಗೆ ಹನಿ ಕಂಡರೆ ನೀರು ಗೋಡೆಯೊಳಗಿನದು. ಕೋಣೆಯ ಕಡೆಗೆ ಮಾತ್ರ ಹನಿ ಕೂತರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದು ಗಾಳಿಯಾಡಿಸಿದರೆ ಹೆಚ್ಚಿನದು ಸರಿಹೋಗುತ್ತದೆ. ಅಲಮಾರಿನ ಹಿಂದೆ ಬರುವ ಬೂಸ್ಟು ಬಹಳ ಸಲ ಈ ಎರಡನೇ ಜಾತಿಯದು. ಅಲಮಾರನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದರೂ ವ್ಯತ್ಯಾಸ ಕಾಣುತ್ತದೆ.

ಉಳಿದ ಪ್ರಶ್ನೆಗಳಿಗೆ ಉತ್ತರ ಬೇಗ ಸಿಗುತ್ತದೆ. ನಾಣ್ಯದಿಂದ ಗೋಡೆ ತಟ್ಟುತ್ತ ಹೋಗಿ, ಪೊಳ್ಳು ಸದ್ದು ಬಂದಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿ. ಅಂಗೈ ಉಜ್ಜಿದಾಗ ಬಿಳಿ ಪುಡಿ ಹತ್ತಿದರೆ ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್ (ಅಗ್ಗದ ನೀರಿನ ಬಣ್ಣ). ಒದ್ದೆ ಬಟ್ಟೆಯಿಂದ ಉಜ್ಜಿದಾಗ ಬಟ್ಟೆಗೆ ಬಣ್ಣ ಬಂದರೂ ಹಾಗೆಯೇ. ಏನೂ ಬರದಿದ್ದರೆ ಎಮಲ್ಷನ್, ಅಂದರೆ ಪ್ಲಾಸ್ಟಿಕ್ ಪೈಂಟ್. ಉಗುರಿಗೆ ಜಾರುವ ಹೊಳಪಿದ್ದರೆ ಎಣ್ಣೆಬಣ್ಣ. ಸಾರಣೆ ಸುಣ್ಣದ್ದೋ ಸಿಮೆಂಟಿನದೋ ಎಂದು ತಿಳಿಯಲು ಸ್ವಿಚ್‌ಬೋರ್ಡಿನ ಬದಿಯ ಒಡೆದ ಅಂಚು ನೋಡಿ: ಸುಣ್ಣದ್ದು ಬಿಳಿಚು, ಮೊಳೆಯಿಂದ ಕೆರೆದರೆ ಸುಲಭವಾಗಿ ಉದುರುತ್ತದೆ, ಸಿಮೆಂಟಿನದು ಬೂದು, ಗಟ್ಟಿ.

ತೇಪೆ ಹಾಕಿ ಪ್ರೈಮರ್ ಹೊಡೆಯುವುದು

ಗೋಡೆ ಒಣಗಿದೆ, ಸಾರಣೆ ಗಟ್ಟಿಯಿದೆ, ಹಳೆಯ ಎಮಲ್ಷನ್ ಎಲ್ಲಿಯೂ ಎದ್ದಿಲ್ಲ, ಮೊಳೆ ತೂತು ಮತ್ತು ಕೂದಲೆಳೆ ಬಿರುಕು ಮಾತ್ರ ಇದೆ ಎಂದಾದರೆ ಇಡೀ ಗೋಡೆಗೆ ಪುಟ್ಟಿ ಬೇಕಾಗಿಲ್ಲ. ಎದ್ದದ್ದನ್ನು ಕೆರೆದು, ತೂತು ತುಂಬಿ, ಎಮರಿ ಪೇಪರಿನಿಂದ ಇಡೀ ಗೋಡೆಯ ಹೊಳಪು ತೆಗೆದು, ಧೂಳು ಒರೆಸಿ, ತೇಪೆಯ ಜಾಗಕ್ಕಾದರೂ ಪ್ರೈಮರ್ (ಬಣ್ಣಕ್ಕೆ ಮೊದಲು ಹೊಡೆಯುವ ತಳಲೇಪ) ಹೊಡೆದರೆ ಸಾಕು. ಪ್ರೈಮರ್ ಬಿಟ್ಟರೆ ತೇಪೆ ಬಣ್ಣವನ್ನು ಹೆಚ್ಚು ಹೀರಿ, ಹಗಲು ಬೆಳಕಿನಲ್ಲಿ ಕಲೆಯಾಗಿ ಕಾಣುತ್ತದೆ.

ಖರ್ಚು ಎಲ್ಲಕ್ಕಿಂತ ಕಡಿಮೆ, ಧೂಳೂ ಕಡಿಮೆ. ಕೊರತೆ ಒಂದೇ: ಸಾರಣೆಯ ಏರುತಗ್ಗು ಹಾಗೆಯೇ ಉಳಿಯುತ್ತದೆ. ಗೋಡೆಗೆ ಓರೆಯಾಗಿ ಬೆಳಕು ಬೀಳುವ ಲೈಟ್ ಹಾಕಿಸಿದ್ದರೆ, ಹೊಳಪಿನ ಬಣ್ಣ ಆರಿಸಿದ್ದರೆ ಆ ಏರುತಗ್ಗು ಎದ್ದು ಕಾಣುತ್ತದೆ. ಮ್ಯಾಟ್ ಬಣ್ಣ ಹೊಡೆದರೆ ಅಷ್ಟು ಕಾಣುವುದಿಲ್ಲ. ಬಾಡಿಗೆ ಮನೆಗೆ, ಮಕ್ಕಳು ಇನ್ನೂ ಗೋಡೆಯ ಮೇಲೆ ಬರೆಯುವ ಮನೆಗೆ, ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ.

ಬಿರುಕಿನ ಬಗ್ಗೆ ಒಂದು ಎಚ್ಚರ. ಕೂದಲೆಳೆಯದನ್ನು ಬ್ಲೇಡಿನ ಮೂಲೆಯಿಂದ ಸ್ವಲ್ಪ ಅಗಲಿಸಿ, ಧೂಳು ತೆಗೆದು ತುಂಬಿಸಬೇಕು. ಮೇಲಿಂದ ಸವರಿದರೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಾಂಕ್ರೀಟ್ ಕಂಬ ಮತ್ತು ಕೆಂಪುಕಲ್ಲು ಸೇರುವಲ್ಲಿ ನೇರವಾಗಿ ಇಳಿಯುವ ಬಿರುಕಿಗೆ, ಕರೆಂಟ್ ಪೈಪ್ ಹಾಕಲು ಕೊರೆದ ಗೆರೆಗೆ ಬರೀ ಪುಟ್ಟಿ ನಿಲ್ಲುವುದಿಲ್ಲ. ಎರಡೂ ಬದಿಯ ಸಾರಣೆಯನ್ನು ಸ್ವಲ್ಪ ತೆಗೆದು, ಜಾಲರಿ ಹೊಡೆದು, ಮತ್ತೆ ಸಾರಿಸಬೇಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು, ಬೆರಳ ಉಗುರು ಹೋಗುವಷ್ಟು ಅಗಲದ್ದು ಕಂಡರೆ ಅದರ ಎರಡೂ ತುದಿಗೆ ಗುರುತು ಹಾಕಿ ದಿನಾಂಕ ಬರೆದಿಡಿ. ಒಂದು ಮಳೆಗಾಲದಲ್ಲಿ ಗುರುತು ದಾಟಿ ಬೆಳೆದರೆ ಪೈಂಟರಿಗಿಂತ ಮೊದಲು ಎಂಜಿನಿಯರ್ ಬರಲಿ.

ಬಿಳಿ ಸಿಮೆಂಟ್ ಪುಟ್ಟಿ

ಚೀಲದಲ್ಲಿ ಪುಡಿಯಾಗಿ ಬರುವುದು ಇದು. ಕರಾವಳಿಯ ಸಿಮೆಂಟ್ ಸಾರಣೆಗೆ, ಅದರಲ್ಲೂ ಪುಟ್ಟಿ ಕಾಣದ ಹೊಸ ಗೋಡೆಗೆ, ಪೂರ್ತಿ ಪುಟ್ಟಿ ಹಾಕಿಸುವುದೇ ಆದರೆ ನನ್ನ ಮತ ಇದಕ್ಕೆ. ಸಾರಣೆಯೊಂದಿಗೆ ಒಂದಾಗಿ ಗಟ್ಟಿಯಾಗುತ್ತದೆ, ಸ್ವಲ್ಪ ತೇವವನ್ನು ತಾಳಿಕೊಳ್ಳುತ್ತದೆ.

ಆದರೆ ಹಳೆಯ ಬಣ್ಣದ ಮೇಲೆ ಇದು ಹಿಡಿಯುವುದಿಲ್ಲ. ಇಲ್ಲಿಯೇ ಹೆಚ್ಚಿನ ಕೆಲಸ ಕೆಡುವುದು. ಪುಡಿ ಬಿಡುವ ಡಿಸ್ಟೆಂಪರ್ ಮೇಲೆ ಪುಟ್ಟಿ ಎಳೆದರೆ ಪುಟ್ಟಿ ಡಿಸ್ಟೆಂಪರಿಗೆ ಅಂಟುತ್ತದೆ, ಡಿಸ್ಟೆಂಪರ್ ಮಾತ್ರ ಗೋಡೆಯನ್ನು ಬಿಡುತ್ತದೆ. ಎರಡೂ ಸೇರಿ ಹಪ್ಪಳದ ಹಾಗೆ ಎದ್ದು ಬರುತ್ತವೆ. "ಎಂತ ಆಗುದಿಲ್ಲ ಅಕ್ಕ, ಎರಡು ಕೋಟ್ ಪುಟ್ಟಿ ಎಳೆದ್ರೆ ಎಲ್ಲ ಮುಚ್ಚಿ ಹೋಗ್ತದೆ" ಎಂದು ಯಾರಾದರೂ ಹೇಳಿದರೆ, ಮೊದಲು ಪೂರ್ತಿ ಕೆರೆಯುತ್ತೀರಾ ಎಂದು ಕೇಳಿ. ಕೆರೆಯುವ ಕೂಲಿ ಲೆಕ್ಕದಲ್ಲಿ ಇಲ್ಲದಿದ್ದರೆ ಆ ದರ ಕಡಿಮೆ ಕಾಣುವುದು ಸಹಜ.

ಕಲಸುವುದನ್ನು ಹತ್ತಿರ ನಿಂತು ನೋಡಿ. ಅಳೆದ ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಗಂಟಿಲ್ಲದಂತೆ ಕಲಸಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಬೇಕು. ಕಲಸಿದ್ದನ್ನು ಎರಡು ಮೂರು ಗಂಟೆಯೊಳಗೆ ಮುಗಿಸಬೇಕು. ಊಟಕ್ಕೆ ಹೋಗಿ ಬಂದಾಗ ಬಿಗಿಯಾದ ಪುಟ್ಟಿಗೆ ನೀರು ಸೇರಿಸಿ ಮತ್ತೆ ಎಳೆದರೆ ಅದು ಒಣಗಿದ ಮೇಲೆ ಪುಡಿಪುಡಿಯಾಗುತ್ತದೆ. ಗೋಡೆಗೆ ಮೊದಲು ನೀರು ಚಿಮುಕಿಸಿ ತಂಪಾಗಿಸಬೇಕು, ನೀರು ಇಳಿಯುವಷ್ಟು ಅಲ್ಲ. ಎರಡು ಕೋಟು ಸೇರಿ ದಪ್ಪ 1.5 ಮಿಲಿಮೀಟರ್ ಮೀರಬಾರದು. ಅದಕ್ಕಿಂತ ಆಳದ ಗುಂಡಿಯನ್ನು ಸಿಮೆಂಟ್ ಗಾರೆಯಿಂದ ಮೊದಲೇ ತುಂಬಿಸಬೇಕು. ಗೋಡೆಯ ಓರೆಯನ್ನೆಲ್ಲ ಪುಟ್ಟಿಯಲ್ಲಿ ಸರಿಮಾಡಲು ಹೋದರೆ ಬಿರುಕು ಖಂಡಿತ.

ಎಷ್ಟು ಬೇಕು? ಹತ್ತಡಿ ಚೌಕ, ಹತ್ತಡಿ ಎತ್ತರದ ಕೋಣೆಯ ನಾಲ್ಕು ಗೋಡೆ 400 ಚದರಡಿ. ಬಾಗಿಲು ಕಿಟಕಿ ಕಳೆದು 350 ಎಂದುಕೊಳ್ಳಿ. ನುಣುಪಾದ ಗೋಡೆಗೆ ಎರಡು ಕೋಟಿಗೆ ಕಿಲೋಗೆ ಸುಮಾರು 20 ಚದರಡಿ ಎಂದು ಕಂಪೆನಿಗಳು ಹೇಳುತ್ತವೆ, ಆ ಲೆಕ್ಕದಲ್ಲಿ 18 ಕಿಲೋ ಸಾಕು. ನಮ್ಮ ಒರಟು ಸಾರಣೆಗೆ ಅದರ ಅರ್ಧದಷ್ಟೇ ಬರುತ್ತದೆಂದು ಹಿಡಿದು, ಕೋಣೆಗೊಂದು 40 ಕಿಲೋ ಚೀಲ ಇಟ್ಟುಕೊಳ್ಳುವುದು ಕ್ಷೇಮ.

ಅಕ್ರಿಲಿಕ್ ಪುಟ್ಟಿ

ಬಕೆಟಿನಲ್ಲಿ ಸಿದ್ಧವಾಗಿ ಬರುತ್ತದೆ, ಕಲಸುವ ತೊಂದರೆಯಿಲ್ಲ. ಬೆಣ್ಣೆಯಷ್ಟು ನುಣುಪಾಗಿ ಎಳೆಯಬಹುದು, ಉಜ್ಜುವುದೂ ಸುಲಭ. ಚೆನ್ನಾಗಿ ಉಜ್ಜಿ ಪ್ರೈಮರ್ ಹೊಡೆದ ಹಳೆಯ ಎಮಲ್ಷನ್ ಮೇಲೆ ಸಿಮೆಂಟ್ ಪುಟ್ಟಿಗಿಂತ ಇದು ಚೆನ್ನಾಗಿ ಕೂರುತ್ತದೆ. ಮೇಲಂತಸ್ತಿನ ಒಣಗಿದ ಕೋಣೆಗೆ, ಫ್ಲಾಟಿನ ಒಳಗಿನ ಅಡ್ಡಗೋಡೆಗೆ, ನುಣುಪು ಮುಖ್ಯವಾದ ಹಾಲಿಗೆ ಇದನ್ನು ಆರಿಸಬಹುದು.

ನೀರು ಇದಕ್ಕೆ ಆಗುವುದಿಲ್ಲ. ನೆಲ ಅಂತಸ್ತಿನ ಹೊರಗೋಡೆಗಳ ಒಳಮೈಗೆ, ಬಚ್ಚಲಿಗೆ ತಾಗಿದ ಗೋಡೆಗೆ, ಪಡುವಣದ ಗೋಡೆಗೆ ಬೇಡ. ತೇವ ತಾಗಿದರೆ ಮೆದುವಾಗಿ ಹೊಪ್ಪಳೆ ಏಳುತ್ತದೆ. ಒಂದೇ ಮನೆಯಲ್ಲಿ ಎರಡೂ ಬಳಸಬಾರದೆಂದೇನಿಲ್ಲ. ಹೊರಗೋಡೆಗಳ ಒಳಮೈಗೆ ಸಿಮೆಂಟ್ ಪುಟ್ಟಿ, ನಡುವಿನ ಗೋಡೆಗಳಿಗೆ ಅಕ್ರಿಲಿಕ್ ಎಂದು ಹಂಚಿಕೊಂಡರೆ ಹಣವೂ ಸರಿಯಾಗಿ ಬಳಕೆಯಾಗುತ್ತದೆ.

ಪ್ರೈಮರ್ ಪುಟ್ಟಿಗೆ ಮೊದಲೋ ನಂತರವೋ ಎಂಬ ವಾದ ನಡೆಯುತ್ತಲೇ ಇರುತ್ತದೆ. ಬರಿ ಸಾರಣೆಗೆ ಸಿಮೆಂಟ್ ಪುಟ್ಟಿ ಎಳೆಯುವುದಾದರೆ ನೇರವಾಗಿ ಎಳೆದು, ಒಣಗಿದ ಮೇಲೆ ಪ್ರೈಮರ್. ಅಕ್ರಿಲಿಕ್ ಪುಟ್ಟಿಯಾದರೆ ಪ್ರೈಮರ್, ಪುಟ್ಟಿ, ಮತ್ತೆ ಪ್ರೈಮರ್. ಹೊಸ ಫ್ಲಾಟಿನಲ್ಲಿ ಒಳಸಾರಣೆ ಜಿಪ್ಸಮ್ಮಿನದಾಗಿದ್ದರೆ ಈ ಎರಡನೇ ಕ್ರಮವನ್ನೇ ಹಿಡಿಯಿರಿ. ಇನ್ನು ಬೇಗ ಬಿಗಿಯುತ್ತದೆಂದು ಗುಂಡಿ ತುಂಬಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸುವವರಿದ್ದಾರೆ. ಸೀಲಿಂಗಿಗೆ ಇರಲಿ, ನಮ್ಮ ನೆಲದ ಮಟ್ಟದ ಗೋಡೆಗಳಿಗೆ ಅದನ್ನು ತರಬೇಡಿ, ತೇವ ಹೀರಿ ಮೆದುವಾಗುತ್ತದೆ.

ಸಾರಣೆ ಉದುರಿಸಿ ಹೊಸದಾಗಿ ಸಾರಿಸುವುದು

ಪೆನ್ಸಿಲ್ ಸುತ್ತುಗಳು ಒಂದಕ್ಕೊಂದು ಕೂಡಿ ಗೋಡೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಾದರೆ ತೇಪೆಯಲ್ಲಿ ಅರ್ಥವಿಲ್ಲ. ಉಪ್ಪು ಹೂವಿನಂತೆ ಬಿಳಿಯಾಗಿ ಅರಳಿ, ಸಾರಣೆ ಬಿಸ್ಕತ್ತಿನಂತೆ ಪುಡಿಯಾಗಿದ್ದರೂ ಅಷ್ಟೇ. ಈ ಉಪ್ಪು ಕಲ್ಲಿನಿಂದ, ನೆಲದ ನೀರಿನಿಂದ, ಕೆಲವು ಕಡೆ ಅಳಿವೆ ಬದಿಯಿಂದ ತಂದ ತೊಳೆಯದ ಹೊಯಿಗೆಯಿಂದ (ಮರಳಿನಿಂದ) ಬರುತ್ತದೆ. ಅದನ್ನು ನೀರು ಹಾಕಿ ತೊಳೆಯಬೇಡಿ. ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಶ್ಶಿನಿಂದ ಉಜ್ಜಿ ತೆಗೆದು ಹೊರಗೆ ಎಸೆಯಬೇಕು.

ನೆಲದಿಂದ ಹತ್ತುವ ತೇವಕ್ಕೆ ಹೊಸ ಸಾರಣೆಯೊಂದೇ ಮದ್ದಲ್ಲ. ವಾಟರ್‌ಪ್ರೂಫ್ ಪುಡಿ ಬೆರೆಸಿ ಮೂರಡಿ ಸಾರಿಸಿದರೆ ನೀರು ಅದರ ಹಿಂದೆ ಹತ್ತಿ ನಾಲ್ಕನೇ ಅಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅಂಗಳದ ಮಣ್ಣು ಪಂಚಾಂಗಕ್ಕಿಂತ ಮೇಲೆ ಬಂದಿದೆಯೇ, ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ, ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿದಾಗ ಇಳಿಜಾರು ಮನೆಯ ಕಡೆಗಾಗಿದೆಯೇ ಎಂದು ಮೊದಲು ನೋಡಿ. ಬಹಳ ಮನೆಗಳಲ್ಲಿ ಒಂದು ಚರಂಡಿ ಮತ್ತು ಮಾಡಿನ ನೀರು ಹಿಡಿಯುವ ಒಂದು ದಂಬೆ ಮಾಡುವ ಕೆಲಸವನ್ನು ಯಾವ ರಾಸಾಯನಿಕವೂ ಮಾಡುವುದಿಲ್ಲ. ಅದಾದ ಮೇಲೆ ಕಲೆಯ ಗೆರೆಗಿಂತ ಒಂದೆರಡು ಅಡಿ ಮೇಲಿನವರೆಗೂ ಸಾರಣೆ ತೆಗೆದು, ಕಲ್ಲನ್ನು ಬೇಸಗೆಯ ಗಾಳಿಗೆ ಬಿಟ್ಟು, ಆಮೇಲೆ ಸಾರಿಸಿ.

ಒಳಗೋಡೆಗೆ 1:6 ಸಿಮೆಂಟ್–ಹೊಯಿಗೆ, 12ರಿಂದ 15 ಮಿಲಿಮೀಟರ್ ದಪ್ಪ ಸಾಕು. ಕೆಂಪುಕಲ್ಲು ಗಾರೆಯ ನೀರನ್ನು ಹೀರಿಬಿಡುವುದರಿಂದ ಮೊದಲು ಕಲ್ಲನ್ನು ಚೆನ್ನಾಗಿ ನೆನೆಸಬೇಕು, ಸಾರಿಸಿದ ಮೇಲೆ ಕನಿಷ್ಠ ಒಂದು ವಾರ ನೀರು ಹೊಡೆಯಬೇಕು. ಆಮೇಲೆ ಕಾಯಬೇಕು. ಹೊಸ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ. 28 ದಿನಕ್ಕಿಂತ ಮೊದಲು ಬಣ್ಣದ ಮಾತೇ ಬೇಡ. ಖರ್ಚು, ಧೂಳು, ದಿನ ಮೂರೂ ಹೆಚ್ಚು. ಡಿಸೆಂಬರಿನಲ್ಲಿ ಮದುವೆ ಇಟ್ಟುಕೊಂಡು ನವೆಂಬರಿನಲ್ಲಿ ಇದಕ್ಕೆ ಕೈಹಾಕಬೇಡಿ. ಆ ಗೋಡೆಗೆ ಈಗ ಸುಣ್ಣ ಹೊಡೆದು, ಮದುವೆ ಮುಗಿದ ಮೇಲೆ ಸಾರಣೆ ತೆಗೆಯಿಸಿ.

ಹಳೆಯ ಸುಣ್ಣದ ಗೋಡೆ ಇದ್ದವರಿಗೆ

ಇದರ ಬಗ್ಗೆ ನನಗೆ ಹೇಳಲಿಕ್ಕೆ ಹೆಚ್ಚಿದೆ, ಏಕೆಂದರೆ ಕೈಯಾರೆ ಹಾಳಾಗುತ್ತಿರುವುದು ಇವೇ ಗೋಡೆಗಳು. ಹಳೆಯ ಹಂಚಿನ ಮನೆಗಳಲ್ಲಿ ಕೆಂಪುಕಲ್ಲಿನ ಮೇಲೆ ಸುಣ್ಣದ ಸಾರಣೆ ಇರುತ್ತದೆ. ಹೊಳೆಬದಿಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವೇ ಎಷ್ಟೋ ಕಡೆ. ಆ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬೇಸಗೆಯಲ್ಲಿ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟ್ ಸಾರಣೆ, ಪುಟ್ಟಿ, ದುಬಾರಿ ತೊಳೆಯುವ ಎಮಲ್ಷನ್ ಹಾಕಿದರೆ ನೀರಿಗೆ ಹೊರಬರುವ ದಾರಿಯೇ ಮುಚ್ಚುತ್ತದೆ. ಬಣ್ಣ ಗುಳ್ಳೆಯಾಗಿ ಏಳುತ್ತದೆ, ಅದರೊಂದಿಗೆ ಹಳೆಯ ಸುಣ್ಣದ ಪದರವೂ ಕಿತ್ತುಬರುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಆಂಟೋನಿಯೊ ಮೋಶೇನಿ 1899ರ ಸುಮಾರಿಗೆ ಬರೆಯತೊಡಗಿದ ಭಿತ್ತಿಚಿತ್ರಗಳು ಹಸಿ ಸುಣ್ಣದ ಸಾರಣೆಯೊಳಗೇ ಬಣ್ಣ ಇಳಿದು ನಿಂತಂಥವು. ಈ ಹವೆಯಲ್ಲಿ ಆರೈಕೆಯಿದ್ದರೆ ಸುಣ್ಣ ನೂರು ವರ್ಷ ದಾಟುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾಗಿ ಇಲ್ಲಿ ದಾರಿ ಬೇರೆ. ಎದ್ದ ಸುಣ್ಣದ ಪದರಗಳನ್ನು ಮೆಲ್ಲಗೆ ಕೆರೆದು, ಬಿದ್ದ ಜಾಗವನ್ನು ಸುಣ್ಣ–ಹೊಯಿಗೆಯ ಗಾರೆಯಿಂದಲೇ ತೆಳುವಾದ ಪದರಗಳಲ್ಲಿ ತುಂಬಿ, ಕೆಲವು ದಿನ ತಂಪಾಗಿಟ್ಟು, ಮೇಲೆ ಸುಣ್ಣ ಹೊಡೆಯುವುದು. ಸುಣ್ಣದ ಕ್ಷಾರದಲ್ಲಿ ಬೂಸ್ಟು ಸುಲಭವಾಗಿ ಹಿಡಿಯುವುದಿಲ್ಲ. ಸಾಮಾನಿನ ಖರ್ಚು ಕಡಿಮೆ. ತೊಂದರೆಗಳೂ ಇವೆ: ಒರಗಿದರೆ ಬಟ್ಟೆಗೆ ಹತ್ತುತ್ತದೆ, ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಹೊಡೆಯಬೇಕು, ಬಣ್ಣಗಳ ಆಯ್ಕೆ ಸಣ್ಣದು, ಸುಣ್ಣದ ಗಾರೆ ಬಲ್ಲ ಮೇಸ್ತ್ರಿಗಳು ಕಡಿಮೆಯಾಗಿದ್ದಾರೆ. ಹಸಿ ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಕನ್ನಡಕ ಹಾಕಿಕೊಂಡೇ ಕೆಲಸ ಮಾಡಿಸಿ. ಬಣ್ಣದ ಮನೆಯೇ ಬೇಕೆನ್ನುವವರು ಒಣಗಿರುವ ಒಳಕೋಣೆಗೆ ಬಣ್ಣ ಮಾಡಿ, ನೆಲಕ್ಕೆ ತಾಗಿದ ತೇವದ ಗೋಡೆಗಳನ್ನಾದರೂ ಸುಣ್ಣಕ್ಕೆ ಬಿಡಿ.

ಗೋಡೆಗೆ ಪಿವಿಸಿ ಹಲಗೆ ಹೊಡೆದು ಮುಚ್ಚುವುದೂ, ವಾಲ್‌ಪೇಪರ್ ಅಂಟಿಸುವುದೂ ಈಗ ಹೆಚ್ಚಾಗಿದೆ. ಒಣ ಗೋಡೆಗೆ ಅಡ್ಡಿಯಿಲ್ಲ. ತೇವದ ಗೋಡೆಗೆ ಹೊಡೆದರೆ ಹಿಂದೆ ಬೂಸ್ಟು ಬೆಳೆಯುತ್ತದೆ, ವಾಸನೆ ಬರುವವರೆಗೆ ಗೊತ್ತೇ ಆಗುವುದಿಲ್ಲ.

ಯಾವ ದಾರಿ ಹಿಡಿದರೂ ಬಿಡಬಾರದ ಎರಡು ಕೆಲಸ

ಬೂಸ್ಟನ್ನು ಒಣಗಿದಾಗ ಕೆರೆಯಬೇಡಿ, ಪುಡಿ ಮನೆಯೆಲ್ಲ ಹಾರುತ್ತದೆ. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಒದ್ದೆ ಮಾಡಿ, ಕಾಲು ಗಂಟೆ ಬಿಟ್ಟು ಉಜ್ಜಿ, ತೊಳೆದು, ಪೂರ್ತಿ ಒಣಗಲು ಬಿಡಿ. ಕಿಟಕಿ ತೆರೆದಿರಲಿ, ಬಚ್ಚಲು ತೊಳೆಯುವ ಆಸಿಡ್ ಅದರೊಂದಿಗೆ ಯಾವ ಕಾರಣಕ್ಕೂ ಸೇರದಿರಲಿ, ವಿಷಾನಿಲ ಏಳುತ್ತದೆ.

ಹಳೆಯ ಎಣ್ಣೆಬಣ್ಣವನ್ನೂ ಒಣಗಿದ ಎಮರಿಯಿಂದ ಉಜ್ಜಬೇಡಿ. ಮನೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಎನಾಮೆಲ್ ಬಣ್ಣದಲ್ಲಿ ಸೀಸ ಇರಬಹುದೆಂದೇ ಹಿಡಿದು, ನೀರು ಹಾಕಿ ಉಜ್ಜಿಸಿ. ಚಿಕ್ಕ ಮಕ್ಕಳು, ಬಸುರಿಯರು ಇದ್ದರೆ ಆ ದಿನಗಳಲ್ಲಿ ಅವರನ್ನು ನೆಂಟರ ಮನೆಗೆ ಕಳಿಸಿ. ಉಜ್ಜುವವರ ಮುಖಕ್ಕೂ ಒಳ್ಳೆಯ ಮಾಸ್ಕ್ ಕೊಡಿಸಿ. ದಿನವಿಡೀ ಆ ಧೂಳಿನಲ್ಲಿರುವವರು ಅವರು.

ಹಣ ಮತ್ತು ತಿಂಗಳಿನ ಲೆಕ್ಕ

ಕೈಯಲ್ಲಿ ಹಣ ಕಡಿಮೆ ಇದ್ದರೆ ಬಣ್ಣದ ದರ್ಜೆ ಒಂದು ಮೆಟ್ಟಿಲು ಇಳಿಸಿ, ಕೆರೆಯುವುದನ್ನೂ ಪ್ರೈಮರನ್ನೂ ಇಳಿಸಬೇಡಿ. ಇನ್ನೂ ಕಡಿಮೆ ಇದ್ದರೆ ಇಡೀ ಮನೆಗೆ ಅರೆಬರೆ ಮಾಡಿಸುವ ಬದಲು ಈ ವರ್ಷ ತಾರಸಿ ಅಥವಾ ಹೊರಗೋಡೆ, ಮುಂದಿನ ವರ್ಷ ಒಳಗೆ. ಸೋರುವ ತಾರಸಿಯ ಕೆಳಗೆ ಒಳಗೋಡೆಗೆ ಸುರಿದ ಹಣ ಪೂರ್ತಿ ನಷ್ಟ.

ತಿಂಗಳಿನ ಮಟ್ಟಿಗೆ, ನವೆಂಬರಿನಲ್ಲಿ ಗೋಡೆ ಒಣಗಿದಂತೆ ಕಂಡರೂ ಒಳಗೆ ಮಳೆಗಾಲ ಇನ್ನೂ ಉಳಿದಿರುತ್ತದೆ. ತೇಪೆ ಕೆಲಸಕ್ಕೆ ಅದು ಸಾಕು. ಪೂರ್ತಿ ಪುಟ್ಟಿಗೆ ಜನವರಿಯಿಂದ ಮಾರ್ಚ್ ಉತ್ತಮ. ಸಾರಣೆ ತೆಗೆಯುವುದಾದರೆ ಜನವರಿಯಲ್ಲೇ ಶುರುಮಾಡಿ ಮೇ ಕೊನೆಯ ವಾರದ ಪತ್ತನಾಜೆಯ ಒಳಗೆ ಬಣ್ಣದವರೆಗೆ ಮುಗಿಸಿ. ಆಟಿಯಲ್ಲಿ (ಜುಲೈ–ಆಗಸ್ಟಿನ ಮಳೆಯ ತಿಂಗಳಲ್ಲಿ) ಕೂಲಿ ಕಡಿಮೆಗೆ ಸಿಗುತ್ತದೆಂದು ಒಳಗೋಡೆ ಹಿಡಿಯುವವರಿದ್ದಾರೆ. ಆ ಹವೆಯಲ್ಲಿ ಕೋಟು ಕೋಟಿನ ನಡುವೆ ಒಣಗಲು ಬೇಕಾದ ಹೊತ್ತನ್ನು ಯಾವ ಗುತ್ತಿಗೆದಾರರೂ ಕೊಡಲಾರರು.

ದರ ಕೇಳುವಾಗ ಚದರಡಿಗೆ ಎಷ್ಟು ಎಂಬುದರ ಜೊತೆಗೆ ಇಷ್ಟನ್ನು ಚೀಟಿಯಲ್ಲಿ ಬರೆಸಿಕೊಳ್ಳಿ: ಕೆರೆಯುವುದು ಸೇರಿದೆಯೇ, ಪುಟ್ಟಿ ಯಾವುದು, ಎಷ್ಟು ಕೋಟು, ಪ್ರೈಮರ್ ಯಾವ ಹಂತದಲ್ಲಿ, ಬಾಗಿಲು ಕಿಟಕಿಯ ಜಾಗ ಅಳತೆಯಲ್ಲಿ ಕಳೆಯುತ್ತಾರೆಯೇ, ಚೀಲ ಬಕೆಟ್ ನಿಮ್ಮೆದುರು ತೆರೆಯುತ್ತಾರೆಯೇ. ಇಬ್ಬರು ಮೂವರ ಚೀಟಿ ಪಕ್ಕಪಕ್ಕ ಇಟ್ಟು ನೋಡಿದರೆ ದರದ ವ್ಯತ್ಯಾಸ ಎಲ್ಲಿಂದ ಬಂತೆಂದು ತಿಳಿಯುತ್ತದೆ.